ಬರದಲ್ಲೂ ಅಷ್ಟೇ ರಾಗಿ: ಹಳ್ಳಿಯ ಲೆಕ್ಕ ಓದುವ ಬಗೆ

ನಮ್ಮ ಸಂಘದ ಕೂಟಗಳಲ್ಲಿ ಹಳ್ಳಿಯ ಮಾತು ಬಂದಾಗಲೆಲ್ಲ ಎರಡು ಪಕ್ಷಗಳಾಗುತ್ತವೆ. ಹಳೆಯ ಹಳ್ಳಿಯಲ್ಲಿ ಯಾರೂ ಹಸಿದು ಮಲಗುತ್ತಿರಲಿಲ್ಲ, ದುಡ್ಡು ಬಂದು ಎಲ್ಲಾ ಕೆಟ್ಟಿತು ಅಂತ ಒಂದು ಪಕ್ಷ. ಹಳೆಯ ಹಳ್ಳಿ ಅಂದರೆ ಬರೀ ಜೀತ, ದುಡ್ಡು ಬಂದ ಮೇಲೇ ಬಡವ ತಲೆ ಎತ್ತಿದ್ದು ಅಂತ ಇನ್ನೊಂದು. ಎರಡೂ ಕಡೆಯವರು ಪದ್ಯ ಹೇಳುತ್ತಾರೆಯೇ ಹೊರತು ಲೆಕ್ಕ ಹಾಕುವುದಿಲ್ಲ. ನಾನು ಬಿ.ಕಾಂ. ಓದುವವನು, ಲೆಕ್ಕ ಬಿಟ್ಟರೆ ನನಗೆ ಬೇರೆ ದಾರಿಯಿಲ್ಲ. ಆದ್ದರಿಂದ ಮೇಷ್ಟ್ರೊಬ್ಬರು ಕೊಟ್ಟ ಪುಸ್ತಕವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿ, ತಿಳಿದದ್ದನ್ನು ಇಲ್ಲಿ ಪಾಠದ ಹಾಗೆ ಬರೆದಿದ್ದೇನೆ.

1. ಎರಡು ಊರುಗಳು

ಸ್ಕಾರ್ಲೆಟ್ ಎಪ್‌ಸ್ಟೈನ್ (1922–2014) ವಿಯೆನ್ನಾದಲ್ಲಿ ಹುಟ್ಟಿದವರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಓದಿ, 1954ರಿಂದ 1956ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ಇದ್ದು ಅಲ್ಲಿನ ಬದುಕನ್ನು ಬರೆದರು. ಊರುಗಳಿಗೆ ವಂಗಲ, ದಲೇನ ಎಂದು ಬೇರೆ ಹೆಸರಿಟ್ಟರು. ಪುಸ್ತಕ ಬಂದದ್ದು 1962ರಲ್ಲಿ.

ಕೃಷ್ಣರಾಜಸಾಗರದ ನಾಲೆಯ ನೀರು 1930ರ ದಶಕದಲ್ಲಿ ಮಂಡ್ಯದ ಕಡೆ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದಿನ ವರ್ಷ, 1932ರಲ್ಲಿ, ಸರ್ಕಾರ ಕಾನೂನು ಮಾಡಿ ಹೊರಗಿನ ಸಕ್ಕರೆಯ ಮೇಲೆ ರಕ್ಷಣಾ ಸುಂಕ ಹಾಕಿತ್ತು. ಆ ಹೊರಗಿನ ಸಕ್ಕರೆ ಎಲ್ಲಿಯದು ಗೊತ್ತೆ? ಬಹುಪಾಲು ಜಾವಾದ್ದು. ಮಂಡ್ಯದ ರೈತ ಜಾವಾ ದ್ವೀಪ ನೋಡಿದವನಲ್ಲ, ಆದರೂ ಅವನ ಕಬ್ಬಿನ ಗದ್ದೆಗೂ ಜಾವಾ ರೈತನ ಗದ್ದೆಗೂ ಸಂಬಂಧ ಇತ್ತು. ಹಳ್ಳಿ ತನ್ನಷ್ಟಕ್ಕೆ ತಾನಿತ್ತು ಎನ್ನುವವರು ಇದನ್ನು ಗಮನಿಸಬೇಕು.

ವಂಗಲಕ್ಕೆ ನೀರು ಬಂತು. ದಲೇನ ನಾಲೆಗಿಂತ ಎತ್ತರದಲ್ಲಿದ್ದುದರಿಂದ ಅಲ್ಲಿಗೆ ನೀರು ಹತ್ತಲಿಲ್ಲ. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ನಡೆದದ್ದು ತಿರುಗುಮುರುಗು. ವಂಗಲದವರ ಕೈಯಲ್ಲಿ ದುಡ್ಡಾಡಿತು, ಆದರೆ ಕಸುಬು ಬೇಸಾಯವೇ ಆಗಿ ಉಳಿಯಿತು. ಕಬ್ಬಿಗೆ, ಭತ್ತಕ್ಕೆ ಆಳು ಜಾಸ್ತಿ ಬೇಕು. ಹಾಗಾಗಿ ಒಕ್ಕಲಿಗ ಯಜಮಾನರು ಮತ್ತು ಆದಿಕರ್ನಾಟಕ ಆಳುಗಳ ನಡುವಿನ ತಲೆಮಾರಿನ ಸಂಬಂಧ ಬಿಡಲಿಲ್ಲ. ದಲೇನದವರು ಮಾತ್ರ ಹೊಟ್ಟೆಪಾಡಿಗೆ ಊರಾಚೆ ನೋಡಿದರು. ಪಕ್ಕದೂರಿನ ನೀರಾವರಿ ಜಮೀನು ಕೊಂಡರು, ವ್ಯಾಪಾರಕ್ಕಿಳಿದರು, ಮಂಡ್ಯದಲ್ಲಿ ಕೆಲಸ ಹಿಡಿದರು. ಅವರು ಹೊರಗೆ ನೋಡಿದಂತೆಲ್ಲ ಆಳಿನ ಹಳೇ ನಂಟು ಸಡಿಲವಾಯಿತು.

2. ಆಳಿನ ರಾಗಿ

ಇನ್ನು ಪಾಠದ ಮುಖ್ಯ ಭಾಗ. ವಂಗಲದಲ್ಲಿ ಆಳಿಗೆ ವರ್ಷಕ್ಕೆ ಇಷ್ಟು ಅಂತ ಧಾನ್ಯ ಗೊತ್ತಾಗಿತ್ತು. ಹಳೇ ಮೈಸೂರು ಸೀಮೆಯಲ್ಲಿ ಕಮ್ಮಾರ, ಅಗಸ ಮೊದಲಾದವರಿಗೆ ವರ್ಷಕ್ಕೊಮ್ಮೆ ಕೊಡುವ ಧಾನ್ಯಕ್ಕೆ ‘ಅಡಡೆ’ ಅನ್ನುತ್ತಿದ್ದರು. ಇದೂ ಅದೇ ಜಾತಿಯ ಏರ್ಪಾಡು. ಬೆಳೆ ಚೆನ್ನಾಗಿ ಬಂದರೂ ಅಷ್ಟೇ, ಬರ ಬಂದರೂ ಅಷ್ಟೇ. ಎಪ್‌ಸ್ಟೈನ್ ಹಿಡಿದ ಗುಟ್ಟು ಇದೇ. ಕೆಟ್ಟ ವರ್ಷದಲ್ಲಿ ಬೆಳೆದದ್ದನ್ನು ಎಲ್ಲರೂ ಹೆಚ್ಚುಕಮ್ಮಿ ಸಮನಾಗಿ ಹಂಚಿಕೊಂಡ ಹಾಗಾಗುತ್ತಿತ್ತು. ಒಳ್ಳೆಯ ವರ್ಷದ ಹೆಚ್ಚುವರಿ ಎಲ್ಲಾ ಯಜಮಾನನ ಕಣಜಕ್ಕೆ ಹೋಗುತ್ತಿತ್ತು.

ಒಂದು ಉದಾಹರಣೆ ನೋಡೋಣ. ಅಂಕಿಗಳು ಪುಸ್ತಕದವಲ್ಲ, ಲೆಕ್ಕ ತಿಳಿಯಲು ನಾನೇ ಹಾಕಿಕೊಂಡವು. ಒಬ್ಬ ಯಜಮಾನ, ಒಬ್ಬ ಆಳು. ಆಳಿಗೆ ಗೊತ್ತಾದದ್ದು 4 ಪಲ್ಲ ರಾಗಿ. ಅವನ ಸಂಸಾರ ಉಸಿರು ಹಿಡಿದಿರಲು 3 ಪಲ್ಲವಾದರೂ ಬೇಕು.

ಒಳ್ಳೆಯ ವರ್ಷ: ಬೆಳೆ 20 ಪಲ್ಲ. ಆಳಿಗೆ 4, ಯಜಮಾನನಿಗೆ 16.
ಬರದ ವರ್ಷ: ಬೆಳೆ 8 ಪಲ್ಲ. ಆಳಿಗೆ 4, ಯಜಮಾನನಿಗೆ 4.

ಇದರ ಬದಲು ಬೆಳೆಯಲ್ಲಿ ಐದನೇ ಒಂದು ಪಾಲು ಅಂತ ಇದ್ದಿದ್ದರೆ? ಒಳ್ಳೆಯ ವರ್ಷ ಅದೇ 4. ಬರದಲ್ಲಿ ಒಂದೂವರೆ ಪಲ್ಲದ ಮೇಲೆ ಸ್ವಲ್ಪ. ಸಂಸಾರ ನಡೆಯೋದಿಲ್ಲ. ಮೂರನೇ ಒಂದು ಪಾಲಾಗಿದ್ದರೆ ಒಳ್ಳೆಯ ವರ್ಷ ಆರೂಮುಕ್ಕಾಲು ಹತ್ತಿರ ಸಿಗುತ್ತಿತ್ತು, ಆದರೆ ಬರದಲ್ಲಿ ಎರಡೂಮುಕ್ಕಾಲಿಗೂ ಕಮ್ಮಿ. ಆಗಲೂ ಹೊಟ್ಟೆಗೆ ಸಾಲದು.

ವಾಣಿಜ್ಯದ ಭಾಷೆಯಲ್ಲಿ ಹೇಳಿದರೆ ಇದು ವಿಮೆ. ಒಳ್ಳೆಯ ವರ್ಷದಲ್ಲಿ ಆಳು ಬಿಟ್ಟುಕೊಟ್ಟ ಧಾನ್ಯವೇ ಪ್ರೀಮಿಯಂ. ಬರದಲ್ಲಿ ಸಿಕ್ಕ 4 ಪಲ್ಲವೇ ಪರಿಹಾರ. ಆದ್ದರಿಂದ ಮೊದಲನೇ ಪಕ್ಷದವರು ಹೇಳುವುದು ಪೂರ್ತಿ ಸುಳ್ಳಲ್ಲ. ಆದರೆ ವಿಮೆ ಕಂಪನಿಯನ್ನು ನಾವು ಬದಲಾಯಿಸಬಹುದು. ಆಳು ಯಜಮಾನನನ್ನು ಬದಲಾಯಿಸುವ ಹಾಗಿರಲಿಲ್ಲ. ತಗ್ಗಿದ ತಲೆ, ಕರೆದಾಗ ಹೋಗುವ ಕಾಲು, ಇವೂ ಪ್ರೀಮಿಯಮ್ಮಿನಲ್ಲೇ ಸೇರಿದ್ದವು. ಅದು ಯಾವ ಖಾತೆಯಲ್ಲೂ ಬರೆದಿಲ್ಲ.

ಎಪ್‌ಸ್ಟೈನ್ 1970ರಲ್ಲಿ ಮತ್ತೆ ಬಂದು, 1973ರಲ್ಲಿ ಇನ್ನೊಂದು ಪುಸ್ತಕ ಬರೆದರು. ಅಷ್ಟರಲ್ಲಿ ಉಳ್ಳವರಿಗೂ ಇಲ್ಲದವರಿಗೂ ಇದ್ದ ಅಂತರ ಹಿಗ್ಗಿತ್ತು.

3. ಜಾವಾದ ಕುಯಿಲು

ಇದು ನಮ್ಮ ಸೀಮೆಯ ಕತೆ ಮಾತ್ರ ಅಲ್ಲ. ಜಾವಾದ ಸಣ್ಣ ಹಳ್ಳಿಗಳಲ್ಲಿ ಭತ್ತದ ಕುಯಿಲಿಗೆ ಕೇಳಿ ಬಂದವರನ್ನು ಬೇಡ ಅನ್ನುವಂತಿರಲಿಲ್ಲ. ಹೆಂಗಸರು ‘ಅನಿ-ಅನಿ’ ಎಂಬ ಪುಟ್ಟ ಚೂರಿಯನ್ನು ಅಂಗೈಯಲ್ಲಿ ಮರೆಮಾಡಿ ಒಂದೊಂದೇ ತೆನೆ ಕೊಯ್ಯುತ್ತಿದ್ದರು. ಭತ್ತದ ದೇವತೆ ದೇವಿ ಶ್ರೀ ಹೆದರಬಾರದು ಅಂತ ಅವರ ನಂಬಿಕೆ. ಕೊಯ್ದದ್ದರಲ್ಲಿ ಒಂದು ಪಾಲು ಕೊಯ್ದವಳಿಗೆ. ಅದಕ್ಕೆ ‘ಬಾವೊನ್’ ಎಂದು ಹೆಸರು. ನಮ್ಮ ಮುಯ್ಯಾಳಿನ ಹಾಗೆ ಒಬ್ಬರಿಗೊಬ್ಬರು ದುಡಿಯುವ ‘ಗೋತೊಂಗ್ ರೋಯೊಂಗ್’ ಪದ್ಧತಿಯೂ ಅಲ್ಲಿದೆ.

1960ರ ದಶಕದ ಕೊನೆಗೆ ಗಿಡ್ಡ ತಳಿಯ ಭತ್ತ ಬಂತು, ಅದನ್ನು ಕುಡುಗೋಲಿನಿಂದ ಕೊಯ್ಯಬಹುದು. ನಿಂತ ಪೈರನ್ನೇ ಗುತ್ತಿಗೆಗೆ ಕೊಳ್ಳುವ ವ್ಯಾಪಾರಿಯ ‘ತೆಬಾಸಾನ್’ ಪದ್ಧತಿ ಹಬ್ಬಿತು. ವ್ಯಾಪಾರಿ ತನಗೆ ಬೇಕಾದ ಕೆಲವೇ ಆಳು ತರುತ್ತಾನೆ. ಊರಿನ ಹೆಂಗಸಿಗೆ ಇಲ್ಲ ಅನ್ನುವುದು ಅವನಿಗೆ ಕಷ್ಟವಲ್ಲ. ಅಕ್ಕಿ ಗಿರಣಿ ಬಂದು ಒನಕೆಯ ಕೂಲಿಯೂ ಹೋಯಿತು. ಬಡವರ ಮಟ್ಟಿಗೆ ಅಲ್ಲಿ ಹೋದದ್ದೂ ವಿಮೆಯೇ.

4. ನಮ್ಮ ಕಡೆ

ನಾನು ತಾಳವಾಡಿ ಕಡೆಯವನು. ಸತ್ಯಮಂಗಲದಿಂದ ದಿಂಬಂ ಘಟ್ಟದ 27 ತಿರುವು ಹತ್ತಿದರೆ ನಮ್ಮ ಸೀಮೆ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಮದ್ರಾಸಿನಲ್ಲೇ ಉಳಿದೆವು. ಮನೆಯ ಮಾತು ಕನ್ನಡ, ಓದಿದ ಶಾಲೆ ಕನ್ನಡ, ರೇಷನ್ ಕಾರ್ಡು ಮಾತ್ರ ತಮಿಳು. ನಮ್ಮಲ್ಲಿ ನಾಲೆಯಿಲ್ಲ. ಮಳೆ, ಬೋರ್‌ವೆಲ್ ನಂಬಿ ರಾಗಿ, ಜೋಳ, ಕೋಸು, ಅರಿಶಿನ. ರಾತ್ರಿ ಆನೆ ಕಾಯುವುದು ಬೇರೆ.

ನಮ್ಮ ತಾತ ಒಂದು ದೊಡ್ಡ ಮನೆಯಲ್ಲಿ ವರ್ಷದ ಆಳಾಗಿದ್ದರು. ಮಗಳ ಮನೆಗೆ ಹೋಗಬೇಕಾದರೂ ಕೇಳಿ ಹೋಗಬೇಕಿತ್ತಂತೆ. ನಮ್ಮವ್ವ ದಿನಗೂಲಿಗೆ ಹೋಗುತ್ತಾಳೆ. ಯಾರ ಹೊಲಕ್ಕೆ ಅಂತ ಅವಳೇ ತೀರ್ಮಾನ ಮಾಡುತ್ತಾಳೆ. ಆದರೆ ಮಳೆ ಕೈಕೊಟ್ಟ ವರ್ಷ ಕೂಲಿಯ ದಿನ ಕಮ್ಮಿಯಾಗುತ್ತವೆ, ಅಂಗಡಿಯಲ್ಲಿ ರಾಗಿಯ ಬೆಲೆ ಏರುತ್ತದೆ. ಎರಡೂ ಏಟು ಒಂದೇ ಸಲ. ತಾತನಿಗೆ ಈ ಏಟು ಬೀಳುತ್ತಿರಲಿಲ್ಲ.

ಹಾಗಾದರೆ ತಾತನ ಕಾಲವೇ ಮೇಲೋ? ಅವ್ವನನ್ನು ಕೇಳಿದರೆ ಖಂಡಿತ ಇಲ್ಲ ಅನ್ನುತ್ತಾಳೆ. ಬರದಲ್ಲಿ ನಮ್ಮ ಮನೆ ನಿಂತದ್ದು ಇನ್ನೊಂದು ಕಡೆಯಿಂದ. ತಮಿಳುನಾಡಿನಲ್ಲಿ 2011ರಿಂದ ರೇಷನ್ ಅಕ್ಕಿ ಪುಕ್ಕಟೆ. 2005ರ ಉದ್ಯೋಗ ಖಾತರಿ ಕಾಯ್ದೆ ಹಳ್ಳಿಯ ಒಂದು ಮನೆಗೆ ವರ್ಷಕ್ಕೆ 100 ದಿನದ ಕೆಲಸದ ಭರವಸೆ ಕೊಟ್ಟಿತು. ಮಳೆ ಬರಲಿ ಬಿಡಲಿ ಅಷ್ಟೇ ಸಿಗುವ ಧಾನ್ಯ ಅಂದರೆ ಅದೇ ಹಳೇ 4 ಪಲ್ಲ. ವ್ಯತ್ಯಾಸ ಇಷ್ಟೇ: ಇದಕ್ಕೆ ಯಾರ ಜಗಲಿಯ ಕೆಳಗೂ ನಿಲ್ಲಬೇಕಾಗಿಲ್ಲ. ನಗರದ ಗೆಳೆಯರು ‘ಪುಕ್ಕಟೆ ಅಕ್ಕಿ ಜನರನ್ನು ಸೋಮಾರಿ ಮಾಡಿತು’ ಅಂದಾಗ ನನಗೆ ಕೋಪ ಬರುವುದು ಇದಕ್ಕೇ. ಅದು ದಾನದ ಕಲಮಲ್ಲ, ವಿಮೆಯ ಕಲಮು. ಅದನ್ನು ಹೊಡೆದುಹಾಕಿದರೆ ಬಡವ ಮತ್ತೆ ಯಾವುದೋ ದೊಡ್ಡ ಮನೆಯ ಬಾಗಿಲಿಗೆ ಹೋಗಬೇಕಾಗುತ್ತದೆ.

5. ಪೊಂಗಲ್ ರಜೆಗೆ ನಾಲ್ಕು ಪ್ರಶ್ನೆ

ಗೆಳೆಯರೇ, ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರ ಹತ್ತಿರ ಕೂತು ಇವನ್ನು ಕೇಳಿ ಬರೆದುಕೊಳ್ಳಿ.

ಅ) ನಿಮ್ಮ ಕಾಲದಲ್ಲಿ ಆಳಿಗೆ ವರ್ಷಕ್ಕೆ ಎಷ್ಟು ಧಾನ್ಯ, ಯಾವ ಅಳತೆಯಲ್ಲಿ?
ಆ) ಬರದಲ್ಲಿ ಅದು ಕಮ್ಮಿಯಾಗುತ್ತಿತ್ತೇ?
ಇ) ಆಳು ಮನೆ ಬಿಟ್ಟು ಹೋಗಬಹುದಿತ್ತೇ? ಹೋದವರಿಗೆ ಏನಾಯಿತು?
ಈ) ಈ ಏರ್ಪಾಡು ಯಾವ ವರ್ಷ, ಯಾಕೆ ನಿಂತಿತು?

ಕೊಟ್ಟವರ ಮನೆಯಲ್ಲೂ ಕೇಳಿ, ತೆಗೆದುಕೊಂಡವರ ಮನೆಯಲ್ಲೂ ಕೇಳಿ. ಎರಡು ಉತ್ತರ ಬೇರೆಬೇರೆ ಬರುವುದು ಖಂಡಿತ. ಜಮಾ, ಖರ್ಚು ಎರಡೂ ಕಡೆ ಬರೆದರೆ ತಾನೆ ಲೆಕ್ಕ ತಾಳೆಯಾಗುವುದು.