ಹಿಡಕಲ್ ಸೀಮೆಯಲ್ಲಿ ಎರಡು ದಿನ: ಗುಮ್ಮಟ, ಗುಡಿ, ಮೊಹರಂ

ಸ್ಪೇನಿನ ಗ್ರಾನಡಾಕ್ಕೆ ಹೋದವರು ಅಲ್ಹಾಂಬ್ರಾದ ಕಮಾನು, ಕಾರಂಜಿಗಳ ಮುಂದೆ ಬೆರಗಾಗಿ ನಿಲ್ಲುತ್ತಾರೆ. ಗ್ರಾನಡಾದ ಕೊನೆಯ ಮುಸ್ಲಿಂ ಅರಸ ಊರು ಬಿಟ್ಟದ್ದು 1492ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ವಿಜಯಪುರದಲ್ಲಿ ಯೂಸುಫ್ ಆದಿಲ್‌ಶಾಹ ತನ್ನ ಮನೆತನದ ಆಳ್ವಿಕೆ ಕಟ್ಟುತ್ತಿದ್ದ. ಆ ಮನೆತನದ ಕಾಲದ ಕಲೆಯ ಕುರುಹು ನಮ್ಮ ಹಿಡಕಲ್ ಸುತ್ತಮುತ್ತಲೇ ಇದೆ. ಇಲ್ಲಿ ಕಟ್ಟಡವಷ್ಟೇ ಅಲ್ಲ, ಮೊಹರಂ ಆಚರಣೆಯೂ ಜೀವಂತವಾಗಿದೆ. ಎರಡನ್ನೂ ಸೇರಿಸಿ ನೋಡಿದರೇ ಪ್ರವಾಸ ಪೂರ್ತಿ.

ತಲುಪುವುದು
ರೈಲಿನಲ್ಲಿ ಬರುವವರು ಮಿರಜ್–ಲೋಂಡಾ ಮಾರ್ಗದ ಘಟಪ್ರಭಾದಲ್ಲಿ ಇಳಿಯಿರಿ. ಪುಣೆ–ಬೆಂಗಳೂರು ಹೆದ್ದಾರಿಯವರಿಗೆ ಸಂಕೇಶ್ವರದಿಂದ ಹುಕ್ಕೇರಿ ಹತ್ತಿರ. ಉಳಿಯಲು ಗೋಕಾಕ ಅನುಕೂಲ.

ಮೊದಲ ದಿನ: ಹುಕ್ಕೇರಿ, ಹಿಡಕಲ್
ಬೆಳಗಿನ ತಂಪಿನಲ್ಲೇ ಹುಕ್ಕೇರಿಯ ಮೂರು ಗುಮ್ಮಟ ನೋಡಿ. ಇವು ಆದಿಲ್‌ಶಾಹಿ ಕಾಲದ ಗೋರಿಗಳು. ಆ ಶೈಲಿಯ ಕಟ್ಟಡಗಳಲ್ಲಿ ಗುಮ್ಮಟದ ಬುಡಕ್ಕೆ ಕಮಲದ ಎಸಳು, ಮೂಲೆಗೆ ಪುಟ್ಟ ಮಿನಾರು ಇರುವುದುಂಟು. ಇಲ್ಲಿಯೂ ಅಂಥ ಕೆಲಸ ಎಲ್ಲೆಲ್ಲಿ ಕಾಣುತ್ತದೆಂದು ಸುತ್ತುಹಾಕಿ ಹುಡುಕಿ. ಆ ಕಾಲದಲ್ಲಿ ನೆಲದಡಿಯಿಂದ ಊರಿಗೆ ನೀರು ತಂದ ಏರ್ಪಾಡು, ಕಾರಂಜಿಗಳ ಬಗ್ಗೆ ಊರ ಹಿರಿಯರನ್ನು ಕೇಳಿ.

ಮಧ್ಯಾಹ್ನ ಹಿಡಕಲ್ ಅಣೆಕಟ್ಟಿಗೆ ಹೊರಡಿ. ಘಟಪ್ರಭಾ ನದಿಗೆ ಕಟ್ಟಿದ ಈ ರಾಜಾ ಲಖಮಗೌಡ ಜಲಾಶಯ 51 ಟಿಎಂಸಿ ನೀರು ಹಿಡಿಯುತ್ತದೆ. ಹಿನ್ನೀರಿನಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ಗುಡಿ ಬೇಸಿಗೆಯಲ್ಲಿ ನೀರು ಇಳಿದಾಗ ಹೊರಗೆ ಕಾಣುತ್ತದೆ. ಕೆಸರಿನಲ್ಲಿ ಕಾಲು ಹೂತುಹೋಗುವ ಭಯವಿರುವುದರಿಂದ ಊರವರನ್ನು ಕೇಳದೆ ಹತ್ತಿರ ಹೋಗಬೇಡಿ.

ಎರಡನೇ ದಿನ: ಗೋಕಾಕ
ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ದಂಡೆಯಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿಯಿದೆ. ತೂಗುಸೇತುವೆಗೆ ಬಿಡುತ್ತಾರೋ ಇಲ್ಲವೋ ಮೊದಲೇ ವಿಚಾರಿಸಿ. ಮರಳುವಾಗ ಪೇಟೆಯಲ್ಲಿ ಅಂಟು, ಬೆಲ್ಲ, ಒಣಹಣ್ಣು ಹಾಕಿದ ಕರದಂಟು ಕೊಳ್ಳಿ.

ಮೊಹರಂ ಕಾಲಕ್ಕೆ ಬಂದರೆ
ಈ ಭಾಗದ ಹಳ್ಳಿಗಳಲ್ಲಿ ಮೊಹರಂ ಎಲ್ಲರ ಹಬ್ಬ. ಹಿಂದೂಗಳೂ ಹರಕೆ ಹೊತ್ತು ಫಕೀರರಾಗುತ್ತಾರೆ, ಕೈಯಾಕಾರದ ಪಂಜಾಗಳಿಗೆ ಸಕ್ಕರೆ ಓದಿಸುತ್ತಾರೆ, ಮನೆಯಲ್ಲಿ ಚೊಂಗೆ ಎಂಬ ಸಿಹಿ ಮಾಡುತ್ತಾರೆ. ಕರ್ಬಲಾ ಕಾಳಗದ ಕಥೆಯನ್ನು ರಿವಾಯತ ಎಂಬ ಪದಗಳಲ್ಲಿ ಕನ್ನಡದಲ್ಲೇ ಹಾಡುತ್ತಾರೆ, ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುತ್ತಾರೆ. ಅಲ್ಹಾಂಬ್ರಾ ಉಳಿದ ಸ್ಪೇನಿನಲ್ಲಿ 1609ರಿಂದ ಅಲ್ಲಿನ ಮುಸ್ಲಿಮರ ವಂಶಸ್ಥರನ್ನು ಗಡೀಪಾರು ಮಾಡಿದರು. ನಮ್ಮಲ್ಲಾದರೋ ಹೊರಗಿನಿಂದ ಬಂದ ಕರ್ಬಲಾದ ಕಥೆ ಊರಿನ ಹಾಡಾಯಿತು. ನಾವು ಎದೆಯುಬ್ಬಿಸಿ ಹೇಳಿಕೊಳ್ಳಬೇಕಾದದ್ದು ಇದನ್ನೇ.

ಯಾವಾಗ ಬರಬೇಕು?
ಮೊಹರಂ ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ. ಹೊರಡುವ ಮೊದಲು ಚಂದ್ರದರ್ಶನದ ಲೆಕ್ಕ ನೋಡಿಕೊಳ್ಳಿ. ವಿಠ್ಠಲ ಗುಡಿಗೆ ಬೇಸಿಗೆಯ ಕೊನೆ, ಜಲಪಾತಕ್ಕೆ ಜುಲೈನಿಂದ ಸೆಪ್ಟೆಂಬರ್ ಒಳ್ಳೆಯದು.

ನಡೆನುಡಿ
ಗೋರಿ, ದರ್ಗಾಗಳಲ್ಲಿ ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಹಾಕಿ ಒಳಗೆ ಹೋಗಿ. ಪಂಜಾಗಳ ಫೋಟೊ ತೆಗೆಯುವ ಮೊದಲು ಅಪ್ಪಣೆ ಕೇಳಿ. ಗೋಡೆಯ ಮೇಲೆ ಹೆಸರು ಕೆತ್ತಬೇಡಿ, ಕೆತ್ತುವವರನ್ನು ತಡೆಯಿರಿ. ಮಕ್ಕಳನ್ನೂ ಕರೆತನ್ನಿ, ನೋಡಿ ಬೆಳೆದವರೇ ನಾಳೆ ಇವನ್ನು ಕಾಯುತ್ತಾರೆ.