ಕೋಳಿಮರಿಯ ಮೈಯೊಳಗಿನ ಗರಡಿ
ಲಸಿಕೆ ಹಾಕಿದರೂ ಕೆಲವೊಮ್ಮೆ ರೋಗ ತಗಲುವುದೇಕೆ?

"ಮದ್ದು ಹಾಕಿಸಿದ್ದೆವು, ಆದರೂ ಒಂದೂ ಉಳಿಯಲಿಲ್ಲ" ಎಂಬ ಮಾತು ಕೋಳಿ ಸಾಕುವ ಊರುಗಳಲ್ಲಿ ಹೊಸದಲ್ಲ. ಮರಿಗಳಿಗೆ ಕಾಲಕ್ಕೆ ಸರಿಯಾಗಿ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ, ಲಸಿಕೆಯಾಗಿರುತ್ತದೆ. ಎರಡು ತಿಂಗಳು ಕಳೆದ ಮೇಲೆ ಹಸುರು ಭೇದಿ, ಉಬ್ಬಸ, ಕತ್ತು ತಿರುಚುವುದು. ಒಂದು ವಾರದೊಳಗೆ ಗೂಡು ಬರಿದು. ಆಗ ನಮ್ಮ ಜನ ಲಸಿಕೆಯನ್ನೇ ದೂರುವರು, ಅದು ಬರಿಯ ನೀರೆನ್ನುವರು. ಲಸಿಕೆ ಕೆಟ್ಟಿರುವುದೂ ಉಂಟು, ಇಲ್ಲವೆನ್ನಲಾಗದು. ಆದರೆ ಎಷ್ಟೋ ವೇಳೆ ಲಸಿಕೆ ಚೆನ್ನಾಗಿಯೇ ಇದ್ದು, ಅದನ್ನು ಕಲಿತುಕೊಳ್ಳಬೇಕಾದ ಮರಿಯ ಮೈಯೇ ಮೊದಲೇ ಕೆಟ್ಟಿರುತ್ತದೆ. ಇದು ಹೇಗೆಂಬುದನ್ನು ರೈತಬಾಂಧವರು ತಿಳಿದಿರುವುದು ಒಳ್ಳೆಯದು.

ಎಳೆಯ ಕೋಳಿಯನ್ನು ಕೊಯ್ದು ಶುಚಿಮಾಡುವಾಗ ಗುದದ್ವಾರದ ಒಳಗೆ, ಕರುಳಿನ ಕೊನೆಗೆ ಅಂಟಿಕೊಂಡು, ಬೆನ್ನಿನ ಕಡೆಗೆ ಒಂದು ದುಂಡನೆಯ ಪುಟ್ಟ ಚೀಲವಿರುವುದನ್ನು ನಮ್ಮ ಹೆಂಗಸರು ಕಂಡಿರಬಹುದು. ಮುದಿ ಕೋಳಿಯಲ್ಲಿ ಇದು ಕಾಣಸಿಗದು. ಇಟಲಿಯ ಪಾದುವಾ ನಗರದಲ್ಲಿ ಅಂಗರಚನೆಯನ್ನು ಕಲಿಸುತ್ತಿದ್ದ ಫ್ಯಾಬ್ರಿಷಿಯಸ್ ಎಂಬ ಪಂಡಿತನು ಇದನ್ನು ವರ್ಣಿಸಿದನು. ಆ ಗ್ರಂಥವು ಅವನು ತೀರಿಕೊಂಡ ಮೇಲೆ ೧೬೨೧ರಲ್ಲಿ ಅಚ್ಚಾಯಿತು. ಅವನ ಹೆಸರಿನಿಂದ ಇದಕ್ಕೆ 'ಫ್ಯಾಬ್ರಿಷಿಯಸನ ಬರ್ಸಾ' ಎಂದು ಹೆಸರು. ಬರ್ಸಾ ಎಂದರೆ ಚೀಲ. ಇದರ ಕೆಲಸವೇನೆಂಬುದು ಮಾತ್ರ ಮುನ್ನೂರು ವರ್ಷ ಕಳೆದರೂ ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾದ ಬಗೆ ಸ್ವಾರಸ್ಯವಾಗಿದೆ. ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿಯಿದ್ದನು. ಈ ಚೀಲವೇನು ಮಾಡುತ್ತದೆಂದು ಗುರುವನ್ನು ಕೇಳಿದಾಗ, "ನೀನೇ ಹುಡುಕು" ಎಂಬ ಅರ್ಥದ ಉತ್ತರ ಬಂತು. ಮರಿ ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಚೀಲವು ಬಹು ಬೇಗ ಬೆಳೆಯುವುದನ್ನು ಅವನು ಕಂಡು, ಎಳೆಯ ಮರಿಗಳಿಂದ ಅದನ್ನು ಕತ್ತರಿಸಿ ತೆಗೆದನು. ಮರಿಗಳು ಎಂದಿನಂತೆಯೇ ಬೆಳೆದವು. ಏನೂ ವ್ಯತ್ಯಾಸ ಕಾಣದೆ ಅವನು ಬೇಸತ್ತಿರಬೇಕು. ಅಷ್ಟರಲ್ಲಿ ತಿಮೊಥಿ ಚಾಂಗ್ ಎಂಬ ಸಹಪಾಠಿಗೆ ತರಗತಿಯಲ್ಲಿ ತೋರಿಸುವುದಕ್ಕಾಗಿ ಕೆಲವು ಕೋಳಿಗಳು ಬೇಕಾದವು. ರೋಗಾಣುವನ್ನು ಚುಚ್ಚಿದರೆ ಕೋಳಿಯ ರಕ್ತದಲ್ಲಿ ಅದನ್ನು ಹಿಡಿದು ಕಟ್ಟುವ ಪ್ರತಿಕಾಯಗಳು ಹುಟ್ಟುತ್ತವೆಂದು ತೋರಿಸುವುದು ಅವನ ಪಾಠ. ಗ್ಲಿಕ್‌ನಿಂದ ಎರವು ತಂದ ಕೋಳಿಗಳಿಗೆ ಸಾಲ್ಮೊನೆಲ್ಲಾ ಚುಚ್ಚಿದನು. ಪಾಠ ಕೆಟ್ಟಿತು! ಕೆಲವು ಕೋಳಿಗಳು ಸತ್ತವು. ಕೆಲವು ಬದುಕಿದರೂ ರಕ್ತದಲ್ಲಿ ಪ್ರತಿಕಾಯವೇ ಇಲ್ಲ. ಕಾಲಿನ ಗುರುತನ್ನು ನೋಡಿದರೆ ಅವೆಲ್ಲ ಚೀಲ ತೆಗೆದ ಕೋಳಿಗಳು.

ಇಬ್ಬರೂ ಕೂಡಿ ಪ್ರಯೋಗವನ್ನು ಮತ್ತೆ ಮಾಡಿ ಬರೆದ ಲೇಖನವನ್ನು ದೊಡ್ಡ ವಿಜ್ಞಾನ ಪತ್ರಿಕೆಯೊಂದು ಬೇಡವೆಂದಿತು. ಅದು ೧೯೫೬ರಲ್ಲಿ ಕೋಳಿ ಸಾಕಣೆಯ ಪತ್ರಿಕೆಯೊಂದರಲ್ಲಿ ಬಂತು. ವೈದ್ಯಲೋಕ ಹಲವು ವರ್ಷ ಅದನ್ನು ಓದಲಿಲ್ಲ. ಕೋಳಿಯ ವಿಷಯವೆಂದು ಉಪೇಕ್ಷಿಸಿದುದೇ ಮುಂದೆ ಮನುಷ್ಯನ ಚಿಕಿತ್ಸೆಗೂ ಬುನಾದಿಯಾಯಿತು.

೧೯೬೧ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಎಂಬವರು ಆಗತಾನೆ ಹುಟ್ಟಿದ ಇಲಿಮರಿಗಳ ಎದೆಯೊಳಗಿನ ಥೈಮಸ್ ಗ್ರಂಥಿಯನ್ನು ತೆಗೆದು ನೋಡಿದರು. ಅವು ಸೋಂಕಿಗೆ ಸುಲಭವಾಗಿ ತುತ್ತಾದವು. ಬೇರೆ ಇಲಿಯ ಚರ್ಮವನ್ನು ಕಸಿ ಮಾಡಿದರೆ ಪರಕೀಯವೆಂದು ಅರಿಯದೆ ಉಳಿಸಿಕೊಂಡವು. ಅಮೆರಿಕದ ಮ್ಯಾಕ್ಸ್ ಕೂಪರ್ ಅವರು ೧೯೬೫ರಲ್ಲಿ ಕೋಳಿಮರಿಗಳಲ್ಲಿಯೇ ಈ ಎರಡನ್ನೂ ಬಿಡಿಸಿ ತೋರಿಸಿದರು. ಬರ್ಸಾದಲ್ಲಿ ತಯಾರಾದ ಬಿಳಿ ಕಣಗಳು ಪ್ರತಿಕಾಯಗಳನ್ನು ಮಾಡುತ್ತವೆ. ಥೈಮಸಿನಲ್ಲಿ ತಯಾರಾದವು ರೋಗ ಹೊಕ್ಕ ಜೀವಕಣವನ್ನು ತಾವೇ ಕೊಲ್ಲುತ್ತವೆ, ಉಳಿದವುಗಳಿಗೆ ನೆರವಾಗುತ್ತವೆ. ಮೊದಲಿನವಕ್ಕೆ 'ಬಿ' ಕಣಗಳೆಂದೂ ಎರಡನೆಯವಕ್ಕೆ 'ಟಿ' ಕಣಗಳೆಂದೂ ಹೆಸರು. ಮನುಷ್ಯನಿಗೆ ಬರ್ಸಾ ಇಲ್ಲ, ಅವನ ಬಿ ಕಣಗಳು ಮೂಳೆಯ ಮಜ್ಜೆಯಲ್ಲಿ ಬೆಳೆಯುತ್ತವೆ. ಆದರೂ 'ಬಿ' ಎಂಬ ಅಕ್ಷರ ಬಂದದ್ದು ಕೋಳಿಯ ಬರ್ಸಾದಿಂದಲೇ. ಮಿಲ್ಲರ್ ಮತ್ತು ಕೂಪರ್ ಅವರಿಗೆ ೨೦೧೯ರಲ್ಲಿ ಲಾಸ್ಕರ್ ಪಾರಿತೋಷಕ ದೊರೆಯಿತು.

ಹೀಗೆ ಈ ಎರಡು ಅಂಗಗಳು ಗರಡಿಮನೆಗಳಿದ್ದಂತೆ. ಕುಸ್ತಿಯ ಕಣಕ್ಕಿಳಿಯುವ ಮುಂಚೆ ಪೈಲವಾನನು ಗರಡಿಯಲ್ಲಿ ಪಟ್ಟುಗಳನ್ನು ಕಲಿಯುವಂತೆ, ರೋಗವೇ ಬಾರದಿರುವಾಗಲೂ ಬಿ ಕಣಗಳು ಚೀಲದೊಳಗೆ ನಾನಾ ರೂಪದ ಪ್ರತಿಕಾಯಗಳಿಗೆ ಸಿದ್ಧವಾಗುತ್ತವೆ. ಇದರ ಗುಟ್ಟನ್ನು ಫ್ರಾನ್ಸಿನ ಸಂಶೋಧಕರು ೧೯೮೦ರ ದಶಕದಲ್ಲಿ ಬಿಡಿಸಿದರು. ಪ್ರತಿಕಾಯದ ಒಂದು ಭಾಗವನ್ನು ಕಟ್ಟಲು ಕೋಳಿಗೆ ವಂಶವಾಹಿಯ ಒಂದೇ ಒಂದು ಸರಿಯಾದ ತುಣುಕುಂಟು; ಪಕ್ಕದಲ್ಲಿ ತಾವಾಗಿ ಕೆಲಸಕ್ಕೆ ಬಾರದ ೨೫ ತುಣುಕುಗಳು ಬಿದ್ದಿರುತ್ತವೆ. ಚೀಲದೊಳಗೆ ಕಣಗಳು ಹೆಚ್ಚುತ್ತಿರುವಾಗ ಈ ಚಿಂದಿಗಳಿಂದ ಚೂರುಚೂರು ತೆಗೆದು ಆ ಒಂದಕ್ಕೆ ತೇಪೆ ಹಾಕಿಕೊಳ್ಳುತ್ತವೆ. ಒಂದೊಂದು ಕಣದ ತೇಪೆ ಒಂದೊಂದು ಬಗೆ. ಹಳೆಯ ಬಟ್ಟೆಯಿಂದ ಕೌದಿ ಹೊಲಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಿ ಪ್ರಾಯಕ್ಕೆ ಬರುವ ಹೊತ್ತಿಗೆ ಗರಡಿ ಮುಚ್ಚಿ ಚೀಲ ಕರಗುತ್ತದೆ. ಅಷ್ಟರಲ್ಲಿ ಕಲಿತ ಕಣಗಳು ಮೈಯೆಲ್ಲ ಹರಡಿರುತ್ತವೆ.

ಥೈಮಸಿಗೆ ಇನ್ನೊಂದು ಹೊಣೆಯೂ ಇದೆ: ಸ್ವಂತ ಮೈಯನ್ನೇ ಕಡಿಯುವ ಕಣಗಳನ್ನು ಅದು ತೆಗೆದುಹಾಕುತ್ತದೆ. ತಪ್ಪಿಸಿಕೊಂಡು ಹೊರಬಿದ್ದವನ್ನು ಹದ್ದಿನಲ್ಲಿಡುವ ಕಾವಲು ಕಣಗಳು ಬೇರೆ ಇವೆಯೆಂದು ಜಪಾನಿನ ಶಿಮೊನ್ ಸಕಗುಚಿ ೧೯೯೫ರಲ್ಲಿ ತೋರಿಸಿದರು. ಅವರಿಗೂ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ೨೦೨೫ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಈ ಕೆಲಸಕ್ಕಾಗಿ.

ಈಗ ನಮ್ಮ ಗೂಡಿಗೆ ಬರೋಣ. ಗಂಬೋರೊ ಎಂಬ ರೋಗವೊಂದಿದೆ. ಅಮೆರಿಕದಲ್ಲಿ ಅದು ಮೊದಲು ಕಾಣಿಸಿದ ಊರಿನ ಹೆಸರು ಅದು, ೧೯೬೨ರಲ್ಲಿ ಅದರ ವರ್ಣನೆ ಪ್ರಕಟವಾಯಿತು. ಇದರ ವೈರಸ್ಸು ನೇರವಾಗಿ ಬರ್ಸಾ ಚೀಲಕ್ಕೇ ನುಗ್ಗಿ ಅಲ್ಲಿಯ ಬಿ ಕಣಗಳನ್ನು ಹಾಳುಮಾಡುತ್ತದೆ. ೩ರಿಂದ ೬ ವಾರದ ಮರಿಗೆ ತಗಲಿದರೆ ಮರಿ ಮುದುಡಿ ಕೂರುತ್ತದೆ, ನೀರುನೀರಾದ ಬಿಳಿ ಭೇದಿಯಾಗುತ್ತದೆ, ಕೆಲವು ಸಾಯುತ್ತವೆ. ಇದು ಕಣ್ಣಿಗೆ ಕಾಣುವ ನಷ್ಟ. ೩ ವಾರಕ್ಕೆ ಮುಂಚೆ ತಗಲಿದರೆ ಹೊರಗೆ ಏನೂ ಕಾಣದೆ ಹೋಗಬಹುದು. ಮರಿ ಮೇಯುತ್ತದೆ, ಓಡಾಡುತ್ತದೆ, ಆದರೆ ಒಳಗೆ ಗರಡಿ ಕುಸಿದಿರುತ್ತದೆ. ಅಂಥ ಮರಿಗೆ ರಾಣಿಖೇತ್ ಲಸಿಕೆಯನ್ನು ಎಷ್ಟು ಸಲ ಹಾಕಿದರೂ ಕಲಿಯುವವರೇ ಇಲ್ಲದ ಮನೆಯಲ್ಲಿ ಪಾಠ ಹೇಳಿದಂತೆ. ಇಂಗ್ಲೆಂಡಿನ ಪಶುವೈದ್ಯರು ೧೯೭೨ರಲ್ಲಿಯೇ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಈ ವೈರಸ್ಸು ಬಹಳ ಗಟ್ಟಿ. ಗೂಡಿನ ಹಾಸು, ಹಿಕ್ಕೆಗಳಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಆದುದರಿಂದ ಒಂದು ತಂಡ ಹೋದ ಮೇಲೆ ಹಾಸನ್ನೆಲ್ಲ ತೆಗೆದು, ನೆಲಗೋಡೆಗಳನ್ನು ತೊಳೆದು ಸುಣ್ಣ ಬಳಿದು, ಗೂಡನ್ನು ಕೆಲವು ವಾರ ಖಾಲಿ ಬಿಟ್ಟು ಹೊಸ ಮರಿಗಳನ್ನು ತರತಕ್ಕದ್ದು. ಸಂತೆಯಿಂದ ತಂದ ಮರಿಯನ್ನು ಅದೇ ದಿನ ಮನೆಯ ಮರಿಗಳೊಡನೆ ಬಿಡುವ ರೂಢಿಯನ್ನು ಇನ್ನಾದರೂ ಕೈಬಿಡಬೇಕು.

ಗಂಬೋರೊ ರೋಗಕ್ಕೂ ಲಸಿಕೆಯುಂಟು, ಆದರೆ ಅದರ ದಿನ ಗೊತ್ತುಮಾಡುವುದು ಸೂಕ್ಷ್ಮ. ತಾಯಿ ಕೋಳಿಯ ಪ್ರತಿಕಾಯಗಳು ಮೊಟ್ಟೆಯ ಹಳದಿಯ ಮೂಲಕ ಮರಿಗೆ ಬಂದು ಎರಡು ಮೂರು ವಾರ ಅದನ್ನು ಕಾಯುತ್ತವೆ. ಅವು ಹೆಚ್ಚಾಗಿರುವಾಗಲೇ ಲಸಿಕೆ ಹಾಕಿದರೆ ಲಸಿಕೆಯನ್ನೂ ಶತ್ರುವೆಂದೇ ಕಟ್ಟಿಹಾಕುತ್ತವೆ. ತಡಮಾಡಿದರೆ ರೋಗವೇ ಮೊದಲು ಬರುತ್ತದೆ. ಸಾಮಾನ್ಯವಾಗಿ ೧೨ರಿಂದ ೧೮ ದಿನದೊಳಗೆ ಹಾಕುವುದು ವಾಡಿಕೆ. ರಾಣಿಖೇತಿನ ಮೊದಲ ಲಸಿಕೆಯನ್ನು ೫ರಿಂದ ೭ನೆಯ ದಿನ ಕಣ್ಣಿಗೋ ಮೂಗಿಗೋ ಒಂದು ತೊಟ್ಟು ಹಾಕುವರು. ನಾಲ್ಕನೆಯ ವಾರದ ಹೊತ್ತಿಗೆ ಮತ್ತೊಮ್ಮೆ. ನಾಡಕೋಳಿಗೆ ೮ನೆಯ ವಾರದಲ್ಲಿ ಚುಚ್ಚುಮದ್ದು ಹಾಕಿಸುವುದೂ ಉಂಟು. ನಿಮ್ಮ ಮರಿ ಎಲ್ಲಿಯದು, ತಾಯಿಗೆ ಯಾವ ಲಸಿಕೆಯಾಗಿತ್ತು ಎಂಬುದನ್ನು ಹೇಳಿ, ಪಶುವೈದ್ಯರಿಂದ ದಿನಗಳನ್ನು ಬರೆಯಿಸಿಕೊಳ್ಳಿರಿ. ಕರಪತ್ರ ಆಯಾ ರಾಜ್ಯದ ಭಾಷೆಯಲ್ಲಿದ್ದರೆ ಓದಬಲ್ಲವರಿಂದ ಓದಿಸಿ, ತಾರೀಖುಗಳನ್ನು ಕನ್ನಡದಲ್ಲಿ ಗೂಡಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟರೆ ಮರೆಯುವುದಿಲ್ಲ.

ಲಸಿಕೆಯನ್ನು ತರುವಾಗ ಮಂಜುಗಡ್ಡೆಯ ಥರ್ಮಾಸಿನಲ್ಲಿ ತರಬೇಕು. ನಾನೇ ಒಮ್ಮೆ ಚೈತ್ರದ ಬಿಸಿಲಿನಲ್ಲಿ ಸೀಸೆಯನ್ನು ಅಂಗಿಯ ಜೇಬಿನಲ್ಲಿಟ್ಟು ಸೈಕಲ್ಲಿನ ಮೇಲೆ ತಂದು, ಆ ವರ್ಷದ ಮರಿಗಳನ್ನೆಲ್ಲ ಕಳೆದುಕೊಂಡವನು.

ಕಡಲೆಕಾಯಿ ಬೆಳೆಯುವ ರಾಯದುರ್ಗ, ಮಡಕಶಿರಾ ಸೀಮೆಯವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು; ಕಾರಣ ಹುಡುಕಿದರೆ ಅವಕ್ಕೆ ಹಾಕಿದ ಕಡಲೆಕಾಯಿ ಹಿಂಡಿಯ ಬೂಷ್ಟು. ಆ ಬೂಷ್ಟಿನ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರು. ಸಾಯುವಷ್ಟು ಸೇರದಿದ್ದರೂ ಅದು ಮರಿಯ ಬರ್ಸಾ, ಥೈಮಸ್ ಎರಡನ್ನೂ ಕುಗ್ಗಿಸುತ್ತದೆ. ಮಳೆಗೆ ನೆನೆದ ಕಾಯಿ, ಮುಗ್ಗಲು ಹಿಂಡಿ ಮನುಷ್ಯರಿಗೆ ಬಾರದು, ಕೋಳಿಗೆ ಹಾಕೋಣವೆಂಬ ಲೆಕ್ಕ ಬಲು ನಷ್ಟದ ಲೆಕ್ಕ.

ದನ ಸಾಕುವವರಿಗೆ ಒಂದು ಮಾತು. ಕೋಳಿಮರಿಗೆ ಹಳದಿಯಿದ್ದಂತೆ ಕರುವಿಗೆ ಗಿಣ್ಣುಹಾಲು. ಹಸುವಿನ ಗರ್ಭದಲ್ಲಿ ತಾಯಿಯ ಪ್ರತಿಕಾಯಗಳು ಕರುವಿಗೆ ಇಳಿಯುವುದಿಲ್ಲ. ಹುಟ್ಟಿದ ಮೇಲೆ ಕರುಳು ಅವನ್ನು ಹೀರಿಕೊಳ್ಳುವುದೂ ಸುಮಾರು ಒಂದು ದಿನ ಮಾತ್ರ, ಅದರಲ್ಲೂ ಮೊದಲ ೬ ಗಂಟೆ ಮುಖ್ಯ. ೨೫ ಕಿಲೋ ತೂಗುವ ಕರುವಿಗೆ ಮೊದಲ ದಿನವೇ ಎರಡೂವರೆ ಲೀಟರು ಕುಡಿಸಬೇಕು. ಮನೆಯವರ ಗಿಣ್ಣು ಆಮೇಲೆ.

ಮರಿ ಸತ್ತರೆ ತಿಪ್ಪೆಗೆ ಎಸೆಯಬೇಡಿರಿ. ನಾಯಿ, ಕಾಗೆಗಳು ರೋಗವನ್ನು ಹರಡುತ್ತವೆ. ಆಗತಾನೆ ಸತ್ತ ಒಂದೆರಡನ್ನು ಚೀಲದಲ್ಲಿ ಕಟ್ಟಿ ಅದೇ ದಿನ ಪಶುವೈದ್ಯರ ಬಳಿಗೆ ಒಯ್ದು, ಉಳಿದವನ್ನು ಸುಣ್ಣ ಹಾಕಿ ಆಳವಾಗಿ ಹೂಳಿರಿ. ಅವರು ಮರಿಯನ್ನು ಕೊಯ್ದು ಬರ್ಸಾವನ್ನು ನೋಡುವರು. ಅದು ಬಾತುಕೊಂಡು ನೀರೂರಿದ್ದರೆ ಗಂಬೋರೊ ಹೊಸದಾಗಿ ಬಂದಿದೆಯೆಂದು ಶಂಕಿಸಬೇಕು. ವಯಸ್ಸಿಗೆ ಮೀರಿ ಸುಕ್ಕಿ ಚಿಕ್ಕದಾಗಿದ್ದರೆ ಕೆಲವು ದಿನಗಳ ಹಿಂದೆಯೇ ಬಂದುಹೋಗಿರಬಹುದು. ಮುಂದಿನ ತಂಡಕ್ಕೆ ಯಾವ ಲಸಿಕೆ, ಯಾವ ದಿನ ಎಂಬುದನ್ನು ಆಗಲೇ ಕೇಳಿಕೊಂಡು ಬನ್ನಿರಿ.