ಮೇಕೆಯಲ್ಲಿ ಮಾಂಸ ಎಷ್ಟು? ಟೇಪು ಹಿಡಿದು ಒಂದು ಲೆಕ್ಕ

2019ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ 14.88 ಕೋಟಿ ಮೇಕೆಗಳಿವೆ. ಕರ್ನಾಟಕದಲ್ಲಿ ಸುಮಾರು 62 ಲಕ್ಷ. ಸಾಕುವವರಲ್ಲಿ ಹೆಚ್ಚಿನವರು ಸಣ್ಣ ರೈತರು, ಜಮೀನಿಲ್ಲದವರು, ಮನೆಯ ಹೆಂಗಸರು. ಮಕ್ಕಳ ಫೀಸು, ಆಸ್ಪತ್ರೆ ಖರ್ಚು ಬಂದರೆ ಮೊದಲು ಮಾರುವುದು ಮೇಕೆಯನ್ನೇ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಅದು ಬೇಗ ನಗದಾಗುವ ಆಸ್ತಿ.

ಆದರೆ ಸಂತೆಯಲ್ಲಿ ಬಹಳಷ್ಟು ವ್ಯಾಪಾರ ಕಣ್ಣಂದಾಜಿನಲ್ಲಿ ನಡೆಯುತ್ತದೆ. ವ್ಯಾಪಾರಿ ಪ್ರತಿ ವಾರ ನೂರಾರು ಮೇಕೆ ನೋಡುತ್ತಾನೆ. ಸಾಕಿದ ಹೆಂಗಸು ವರ್ಷಕ್ಕೆ ಎರಡೋ ಮೂರೋ ಮಾರುತ್ತಾಳೆ. ಮಾಹಿತಿ ಒಬ್ಬರ ಬಳಿ ಮಾತ್ರ ಇದ್ದರೆ ಬೆಲೆ ಯಾರ ಕಡೆ ವಾಲುತ್ತದೆ ಎಂಬುದು ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಗೊತ್ತು. ಈ ಅಂತರ ಕಡಿಮೆ ಮಾಡಲು ದರ್ಜಿಯ ಟೇಪು ಸಾಕು.

ಮೊದಲ ಹೆಜ್ಜೆ: ಜೀವಂತ ತೂಕ

ಬೆಳಿಗ್ಗೆ ಮೇವು ಹಾಕುವ ಮೊದಲು ಮೇಕೆಯನ್ನು ಸಮನೆಲದಲ್ಲಿ ನೇರವಾಗಿ ನಿಲ್ಲಿಸಿ. ಮುಂಗಾಲುಗಳ ಹಿಂದೆಯೇ ಎದೆಯ ಸುತ್ತಳತೆ ತೆಗೆದುಕೊಳ್ಳಿ. ನಂತರ ಭುಜದ ಮುಂತುದಿಯಿಂದ ಬಾಲದ ಪಕ್ಕ ಹಿಂದಕ್ಕೆ ಚಾಚಿದ ಮೂಳೆಯವರೆಗೆ ಮೈಯುದ್ದ ಅಳೆಯಿರಿ. ಎರಡೂ ಸೆಂಟಿಮೀಟರಿನಲ್ಲಿರಲಿ.

ಸೂತ್ರ: ಸುತ್ತಳತೆ × ಸುತ್ತಳತೆ × ಉದ್ದ ÷ 10,840 = ತೂಕ (ಕೆ.ಜಿ.)

ಉದಾಹರಣೆಗೆ ಸುತ್ತಳತೆ 70, ಉದ್ದ 65 ಎಂದಿರಲಿ. 70 × 70 × 65 = 3,18,500. ಇದನ್ನು 10,840ರಿಂದ ಭಾಗಿಸಿದರೆ ಸುಮಾರು 29.4 ಕೆ.ಜಿ. ಇದು ಅಂದಾಜು ಮಾತ್ರ. ಗಬ್ಬದ ಮೇಕೆಗೆ ಇದು ಹೊಂದುವುದಿಲ್ಲ. ತಕ್ಕಡಿ ಸಿಕ್ಕರೆ ತಕ್ಕಡಿಯೇ ಉತ್ತಮ.

ಎರಡನೇ ಹೆಜ್ಜೆ: ಮಾಂಸದ ತೂಕ

ತಲೆ, ಚರ್ಮ, ಕಾಲು, ರಕ್ತ, ಒಳಾಂಗ ತೆಗೆದ ಮೇಲೆ ಉಳಿಯುವ ಮೂಳೆಸಹಿತ ಮಾಂಸ ಸಾಮಾನ್ಯವಾಗಿ ಜೀವಂತ ತೂಕದ ಶೇ. 45ರಿಂದ 50. ಇದಕ್ಕೆ ಡ್ರೆಸ್ಸಿಂಗ್ ಪರ್ಸೆಂಟೇಜ್ ಎನ್ನುತ್ತಾರೆ. ಮೇಲಿನ ಮೇಕೆಯಿಂದ ಸುಮಾರು 13ರಿಂದ 14.7 ಕೆ.ಜಿ. ನಿರೀಕ್ಷಿಸಬಹುದು.

ಈ ಶೇಕಡಾ ಎಲ್ಲ ಮೇಕೆಗೂ ಒಂದೇ ಅಲ್ಲ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಮೇವು, ನೀರು ತುಂಬ ಇರುತ್ತದೆ. ಸಂತೆಗೆ ಮೊದಲು ಹೊಟ್ಟೆ ತುಂಬಿಸಿದರೆ ತಕ್ಕಡಿಯಲ್ಲಿ ತೂಕ ಏರುತ್ತದೆ, ಮಾಂಸ ಏರುವುದಿಲ್ಲ. ಆದ್ದರಿಂದ ಹೊಟ್ಟೆ ನೋಡಿ ಮೋಸಹೋಗದೆ ಬೆನ್ನನ್ನು ಮುಟ್ಟಿ ನೋಡಬೇಕು. ಸೊಂಟದ ಬಳಿ ಬೆನ್ನುಮೂಳೆ ಚೂಪಾಗಿ ಕೈಗೆ ತಾಗಿದರೆ ಮೇಕೆ ಬಡಕಲು. ಮೂಳೆಯ ಎರಡೂ ಬದಿ ಮಾಂಸ ತುಂಬಿ ದುಂಡಗಿದ್ದರೆ ಇಳುವರಿ ಹೆಚ್ಚು. ಮುಂಗಾಲುಗಳ ನಡುವಿನ ಎದೆಮೂಳೆಯನ್ನೂ ಒತ್ತಿ ನೋಡಿ. ಮೇಕೆಯ ಕೊಬ್ಬು ಚರ್ಮದ ಕೆಳಗಿಂತ ಹೊಟ್ಟೆಯೊಳಗೆ, ಮೂತ್ರಪಿಂಡದ ಸುತ್ತ ಹೆಚ್ಚು ಸೇರುತ್ತದೆ. ಹಾಗಾಗಿ ಹೊರಗಿನ ನೋಟವೊಂದೇ ಸಾಲದು.

ಮೂರನೇ ಹೆಜ್ಜೆ: ಗುಣಮಟ್ಟ

ವಯಸ್ಸು ತಿಳಿಯಲು ಹಲ್ಲು ನೋಡಬೇಕು. ಮೇಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ಕೆಳಗಿನ ಎಂಟು ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಬಿದ್ದು ದೊಡ್ಡ ಹಲ್ಲು ಬರುವುದು ಸಾಮಾನ್ಯವಾಗಿ ಒಂದು ವರ್ಷ ದಾಟಿದ ಮೇಲೆ. ನಮ್ಮ ಮನೆಗಳಲ್ಲಿ ಬಕ್ರೀದ್ ಸಮಯದಲ್ಲಿ ಕೇಳುವ 'ದೋ ದಾಂತ್' ಎಂಬ ಮಾತು ಇದೇ. ಕುರ್ಬಾನಿಯ ಮೇಕೆಗೆ ಒಂದು ವರ್ಷ ತುಂಬಿರಬೇಕು, ಅದಕ್ಕೆ ಹಿರಿಯರು ಮೊದಲು ಬಾಯಿ ತೆರೆದು ನೋಡುತ್ತಾರೆ. ವಯಸ್ಸು ಏರಿದಂತೆ ಮಾಂಸ ಗಟ್ಟಿಯಾಗುತ್ತದೆ. ಬೀಜ ಒಡೆಸದ ದೊಡ್ಡ ಹೋತದ ಮಾಂಸಕ್ಕೆ ವಾಸನೆ ಇರುತ್ತದೆ, ಖಸ್ಸಿ ಮಾಡಿದ್ದಕ್ಕೆ ಅದು ಕಡಿಮೆ.

ಸಾಗಣೆಯೂ ಮುಖ್ಯ. ಲಾರಿಯಲ್ಲಿ ಕಿಕ್ಕಿರಿದು, ನೀರಿಲ್ಲದೆ ಬಂದ ಮೇಕೆ ತೂಕ ಕಳೆದುಕೊಳ್ಳುತ್ತದೆ. ಬಹಳ ಬಳಲಿದ ಪ್ರಾಣಿಯ ಮಾಂಸ ಕಪ್ಪಾಗಿ, ಬೇಗ ಕೆಡುತ್ತದೆ. ನೀರು, ನೆರಳು, ವಿಶ್ರಾಂತಿ ಕೊಡುವುದು ದಯೆಯೂ ಹೌದು, ಲಾಭವೂ ಹೌದು.

ಕೊನೆಯ ಹೆಜ್ಜೆ: ಕೆ.ಜಿ. ಲೆಕ್ಕ

ಎರಡು ಮೇಕೆಗಳಿವೆ ಎಂದುಕೊಳ್ಳಿ. ಎರಡೂ 30 ಕೆ.ಜಿ. ತೂಗುತ್ತವೆ. ಮೊದಲನೆಯದರ ಬೆನ್ನು ದುಂಡಗಿದೆ, ಬೆಲೆ 13,000 ರೂ. ಎರಡನೆಯದು ಹೊಟ್ಟೆ ಉಬ್ಬಿದ ಬಡಕಲು, ಬೆಲೆ 12,300 ರೂ. ಮೊದಲನೆಯದಕ್ಕೆ ಶೇ. 48 ಎಂದರೆ 14.4 ಕೆ.ಜಿ. ಮಾಂಸ, ಕೆ.ಜಿ.ಗೆ ಸುಮಾರು 903 ರೂ. ಎರಡನೆಯದಕ್ಕೆ ಶೇ. 43 ಎಂದರೆ 12.9 ಕೆ.ಜಿ., ಕೆ.ಜಿ.ಗೆ ಸುಮಾರು 953 ರೂ. ಅಗ್ಗ ಎನಿಸಿದ ಮೇಕೆಯೇ ದುಬಾರಿ. ತಲೆ, ಕಾಲು, ಲಿವರ್, ಚರ್ಮದ ಬೆಲೆಯನ್ನು ಉಪ ಉತ್ಪನ್ನವೆಂದು ಕಳೆದರೆ ಲೆಕ್ಕ ಇನ್ನೂ ಸರಿಯಾಗುತ್ತದೆ.

ಈ ಲೆಕ್ಕ ಕೊಳ್ಳುವವರಿಗಿಂತ ಮಾರುವವರಿಗೆ ಹೆಚ್ಚು ಬೇಕು. ತನ್ನ ಮೇಕೆಯಲ್ಲಿ 14 ಕೆ.ಜಿ. ಮಾಂಸ ಇದೆ ಎಂದು ತಿಳಿದ ಹೆಂಗಸು 10 ಕೆ.ಜಿ. ಬೆಲೆಗೆ ಹಗ್ಗ ಬಿಟ್ಟುಕೊಡುವುದಿಲ್ಲ. ನಮ್ಮ ಕಾಲೇಜಿನ ಅನೇಕರ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಮೇಕೆಗಳಿವೆ. ಮುಂದಿನ ಸಂತೆಗೆ ಮೊದಲು ಒಂದು ಟೇಪು, ಒಂದು ಕ್ಯಾಲ್ಕುಲೇಟರ್ ಹಿಡಿದು ಅವರಿಗೆ ಈ ಲೆಕ್ಕ ಮಾಡಿಕೊಡೋಣ.